ಬರೀ ಪ್ರವೇಶದ ಟಿಕೆಟ್

ಕಡಲ ದಂಡೆಯ ನಮ್ಮ ಪಾರ್ಕಿನಲ್ಲಿ ಎರಡೇ ಬಗೆಯ ಟಿಕೆಟ್. ದುಬಾರಿಯದ್ದು ಕೊಂಡರೆ ಕೈಗೊಂದು ಪಟ್ಟಿ ಕಟ್ಟುತ್ತೇವೆ, ಜಯಂಟ್ ವೀಲ್ ಮೊದಲಾಗಿ ಎಲ್ಲ ಆಟವನ್ನೂ ಆಡಬಹುದು. ಅಗ್ಗದ್ದರಲ್ಲಿ ಬರೀ ಪ್ರವೇಶ. ಮನೆಮಂದಿಗೆಲ್ಲ ಪಟ್ಟಿ ಕೊಂಡು ಅಮ್ಮನಿಗೆ ಮಾತ್ರ ಅಗ್ಗದ್ದು ಕೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಒಳಗೆ ಅವಳು ಬೆಂಚಿನ ಮೇಲೆ ಕೂತು ಎಲ್ಲರ ಚೀಲ, ಚಪ್ಪಲಿ ಕಾಯಬೇಕು.

ಇವತ್ತೂ ಒಬ್ಬ ಯಜಮಾನರು ಹಾಗೇ ಕೇಳಿದರು. ನಾನು ಟಿಕೆಟ್ ಕಿಟಕಿಯಿಂದ ಬಗ್ಗಿ ಅವರ ಹೆಂಡತಿಯನ್ನೇ ಕೇಳಿದೆ: "ನಿಮಗ್ಯಾವ್ದು ಕೊಡ್ಲಮ್ಮಾ?"

"ಅವಳಿಗೆ ತಲೆ ಸುತ್ತುತ್ತೆ," ಎಂದರು ಯಜಮಾನರು.

"ಸುತ್ತೋದು ನಿಮ್ಮ ಚೀಲ ಕಾದು ಕಾದು. ನಂಗೂ ಪಟ್ಟಿ ಕಟ್ಟಮ್ಮಾ," ಎಂದು ಆಕೆ ಕೈ ಚಾಚಿದರು.

"ಮತ್ತೆ ಚೀಲ?" ಎಂದರು ಯಜಮಾನರು.

ಆಕೆ ಅದನ್ನು ಗಂಡನ ಹೆಗಲಿಗೇ ತೂಗುಹಾಕಿದರು. ಅವರು ಬಾಯಿ ತೆರೆಯುವ ಮೊದಲೇ ನಾನು ಅಗ್ಗದ ಟಿಕೆಟ್ ಹರಿದು ಅವರ ಕೈಗಿಟ್ಟೆ.