ಹತ್ತು ಜೂಲ್

ಒಂದಿಡೀ ಕಟ್ಟು ಉತ್ತರಪತ್ರಿಕೆಗಳಲ್ಲಿ ಒಂದೇ ತಪ್ಪು ಸಿಕ್ಕರೆ ಮೌಲ್ಯಮಾಪನ ಕೋಣೆಯಲ್ಲಿ ಎಲ್ಲರ ಬಾಯಿಗೂ ಬರುವ ಮಾತು ನಕಲು. ನಮ್ಮ ಮುಖ್ಯಸ್ಥೆಗೂ ಅದೇ ಬಂತು. ಇಡೀ ತರಗತಿಯ ಫಲಿತಾಂಶ ತಡೆಹಿಡಿಯಬೇಕೆಂದರು. ಅಂದರೆ ಆ ಮಕ್ಕಳ ಒಂದು ವರ್ಷ ಮಣ್ಣುಪಾಲು.

ಲೆಕ್ಕ ಸುಲಭದ್ದೇ. ಮೀಟರಿಗೆ ಎಂಬತ್ತು ನ್ಯೂಟನ್ ಬಿಗಿಯಿರುವ ಸ್ಪ್ರಿಂಗನ್ನು ಐದು ಸೆಂಟಿಮೀಟರ್ ಎಳೆದು ಬಿಟ್ಟರೆ ಆ ತೂಗಾಟದ ಒಟ್ಟು ಶಕ್ತಿ ಎಷ್ಟು? ಐದರ ವರ್ಗ, ಅದಕ್ಕೆ ಎಂಬತ್ತು, ಅದರಲ್ಲಿ ಅರ್ಧ: ಸಾವಿರ. ಮಕ್ಕಳೆಲ್ಲ ಅದನ್ನು ನೂರರಿಂದ ಭಾಗಿಸಿ ಹತ್ತು ಜೂಲ್ ಅಂತ ಬರೆದಿದ್ದರು. ಸೆಂಟಿಮೀಟರಿನದೇ ವರ್ಗ ಮಾಡಿದ ಮೇಲೆ ನೂರರಿಂದ ಎರಡು ಸಲ ಭಾಗಿಸಬೇಕು. ಸರಿಯುತ್ತರ ಒಂದು ಜೂಲಿನ ಹತ್ತನೇ ಒಂದು ಭಾಗ, ಅಷ್ಟೇ. ಹತ್ತು ಜೂಲ್ ಇದ್ದರೆ ಒಂದು ಕಿಲೋ ಸಕ್ಕರೆಯನ್ನು ನೆಲದಿಂದ ಸೊಂಟದವರೆಗೆ ಎತ್ತಬಹುದು. ಆ ಬಡಪಾಯಿ ಸ್ಪ್ರಿಂಗಿಗೆ ಅಷ್ಟು ಕಸುವು ಎಲ್ಲಿಂದ ಬರಬೇಕು!

ನನಗೆ ಮಾತ್ರ ಆ ತಪ್ಪಿನ ಮೂಲ ಗೊತ್ತಿತ್ತು. ಆ ತರಗತಿಗೆ ಪಾಠ ಮಾಡುವವರು ನನ್ನ ಗಂಡ. ‘ಲೆಕ್ಕ ಮೊದಲು, ಮೀಟರು ಆಮೇಲೆ’ ಎಂಬುದು ಅವರು ಈ ವರ್ಷ ಹೊಸದಾಗಿ ಹುಟ್ಟುಹಾಕಿದ ಸುಲಭೋಪಾಯ: ಸೆಂಟಿಮೀಟರಿನಲ್ಲೇ ಲೆಕ್ಕ ಮುಗಿಸಿ ಕೊನೆಗೆ ನೂರರಿಂದ ಒಂದು ಸಲ ಭಾಗಿಸುವುದು. ಸ್ಪ್ರಿಂಗಿನ ಬಲ ಕಂಡುಹಿಡಿಯಲು ಅದು ಸಾಕು, ಶಕ್ತಿಗೆ ಬಂದರೆ ಕೈಕೊಡುತ್ತದೆ.

ಸಂಜೆ ಮನೆಗೆ ಬಂದವಳೇ ಹೇಳಿದೆ. “ರೀ, ನಿಮ್ಮ ಉಪಾಯ ಶಕ್ತಿಗೆ ಆಗಲ್ಲ. ಪಾಪ, ಮಕ್ಕಳು ಸಿಕ್ಕಿಹಾಕ್ಕೊಂಡಿದ್ದಾರೆ.”

“ನಂಗೇ ಪಾಠ ಹೇಳೋಕೆ ಬಂದ್ಯಾ? ತಪ್ಪು ಅಂತ ಇಷ್ಟು ದಿನ ಒಬ್ರಾದ್ರೂ ಅಂದಿದ್ದಾರಾ?”

ಲೆಕ್ಕ ಬಿಡಿಸಿದ ಹಾಳೆಯನ್ನು ಮುಂದಿಟ್ಟೆ. ಅದರ ಮೇಲೆ ಚಹಾ ಲೋಟ ಇಟ್ಟುಕೊಂಡು ಕುಡಿದರು. ನನಗೆ ಪಿತ್ತ ನೆತ್ತಿಗೇರಿತು.

ಮರುದಿನ ಮುಖ್ಯಸ್ಥೆಯ ಮುಂದೆ ನಿಂತೆ. “ಮೇಡಂ, ಆ ಮೇಷ್ಟ್ರು ನಮ್ಮ ಮನೆಯವರು. ಅವರನ್ನೇ ಕರೆಸಿ, ಇದೇ ಲೆಕ್ಕ ಬೋರ್ಡ್ ಮೇಲೆ ಮಾಡಿಸಿ. ಮಕ್ಕಳು ಕದ್ದಿದ್ದಾರೋ ಇಲ್ವೋ ಗೊತ್ತಾಗತ್ತೆ.”

ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ದೊಡ್ಡವರೆದುರು ತಮ್ಮ ವಿಧಾನ ತೋರಿಸಲು ಕರೆದಿದ್ದಾರೆಂದು ಹಿಗ್ಗಿದ್ದರು. ನಾನೇ ಚಾಕ್ ಕೈಗಿತ್ತೆ. ಬರೆಯುತ್ತಾ ಹೋದರು, ಅಕ್ಷರ ಮುತ್ತಿನಂತಿತ್ತು. “ಕೊನೇಲಿ ನೂರರಿಂದ ಒಂದೇ ಏಟು, ಮುಗೀತು!” ಎಂದು ಹತ್ತು ಜೂಲ್ ಬರೆದು ಕೆಳಗೆ ಗೆರೆ ಎಳೆದರು.

ಯಾರೂ ನಗಲಿಲ್ಲ. ಒಬ್ಬರು ನೆಲ ನೋಡಿದರು. ನಕ್ಕಿದ್ದರೆ ಜಗಳಕ್ಕೆ ಬೀಳುತ್ತಿದ್ದೆ.

“ಮಕ್ಕಳು ಕಲಿತಿದ್ದನ್ನೇ ಬರೆದಿದ್ದಾರೆ. ನಕಲಿನ ಮಾತು ಇಲ್ಲಿಗೇ ಬಿಡಿ,” ಎಂದರು ಮುಖ್ಯಸ್ಥೆ, ಬಹಳ ಮೆತ್ತಗೆ.

ಹೊರಗೆ ಬಂದಾಗ ಇವರು ಕೈಯ ಚಾಕ್ ಪುಡಿ ಕೊಡವುತ್ತಾ ನನ್ನತ್ತ ತಿರುಗಿದರು. ಮುಖ ಹೊಳೆಯುತ್ತಿತ್ತು.

“ನೋಡಿದ್ಯಾ? ಅಷ್ಟು ಜನ ಕೂತಿದ್ರಲ್ಲ, ಒಬ್ರಾದ್ರೂ ತಪ್ಪು ಅಂದ್ರಾ?”

“ಇಲ್ಲ ರೀ,” ಅಂದೆ. “ಯಾರೂ ಅನ್ನಲಿಲ್ಲ.”