ಗೆದ್ದಿತು ಎನ್ನುವ ಮಾತು

ಅಪ್ಪನ ಕುರ್ಚಿ ಅಂಗಡಿಯಲ್ಲಿ "ಚೆನ್ನಾಗಿದೆ" ಎಂಬ ಮಾತಿಗೆ ಕಿಮ್ಮತ್ತಿರಲಿಲ್ಲ. ಅದನ್ನು ಗಿರಾಕಿಗಳು ಹೇಳುತ್ತಿದ್ದರು, ಹೇಳಿದ ಮರುಕ್ಷಣವೇ ಚೌಕಾಸಿಗೆ ಇಳಿಯುತ್ತಿದ್ದರು. ಕಿಮ್ಮತ್ತಿದ್ದದ್ದು "ಗೆದ್ದಿತು" ಎನ್ನುವ ಮಾತಿಗೆ. ಹೊಸ ಕುರ್ಚಿ ತಯಾರಾದಾಗ ಅಪ್ಪ ಅದರಲ್ಲಿ ಕೂತು, ಹಿಂದಿನ ಕಾಲುಗಳ ಮೇಲೆ ವಾಲಿ, ಕಣ್ಣು ಮುಚ್ಚಿ ಮೈಯನ್ನು ಆ ಕಡೆ ಈ ಕಡೆ ತಿರುಚುತ್ತಿದ್ದ. ಕುರ್ಚಿ ಎಲ್ಲಾದರೂ ಸಣ್ಣಗೆ 'ಕಿರ್' ಎಂದರೆ ಎದ್ದು ಹೋಗಿಬಿಡುತ್ತಿದ್ದ. ತುಟಿಪಿಟಕ್ ಎನ್ನದಿದ್ದರೆ ಮಾತ್ರ ಆ ಮಾತು ಬರುತ್ತಿತ್ತು.

ಕಿರಿಮಗಳು ಆ ಮಾತಿಗಾಗಿ ವರ್ಷಗಟ್ಟಲೆ ಕಾದಿದ್ದಳು. ಎಷ್ಟು ಕುರ್ಚಿ ಮಾಡಿದರೂ ಅಪ್ಪ ಎದ್ದು ಹೋಗುತ್ತಲೇ ಇದ್ದ. ಕೊನೆಗೆ ಕಳೆದ ಚಳಿಗಾಲದಲ್ಲಿ ಒಂದು ಕುರ್ಚಿಯಲ್ಲಿ ಕೂತು "ಗೆದ್ದಿತು" ಎಂದಾಗ ಅವಳು ಹಿತ್ತಲಿಗೆ ಹೋಗಿ ಒಬ್ಬಳೇ ಅತ್ತಿದ್ದಳು. ಆ ಕುರ್ಚಿಯನ್ನು ಮಾರಲಿಲ್ಲ. ಅಂಗಡಿಯ ಕಿಟಕಿ ಪಕ್ಕದಲ್ಲಿಟ್ಟಳು. ಊಟವಾದ ಮೇಲೆ ಅಪ್ಪ ಅದರಲ್ಲೇ ಕೂತು ತೂಕಡಿಸುತ್ತಿದ್ದ.

ಅನುಮಾನ ಶುರುವಾದದ್ದು ಆಮೇಲೆ. ಅವಳಿಗೆ ಅನುಮಾನ ಹುಟ್ಟುಗುಣವೇ ಸರಿ. ಹಾಲು ಉಕ್ಕಿದರೂ ಅದರ ಹಿಂದೆ ಯಾರ ಕೈವಾಡವಿದೆ ಎಂದು ವಿಚಾರಿಸುವವಳು, ಹಾಗಾಗಿ ಮನೆಯಲ್ಲಿ ಎಲ್ಲರ ಬಾಯಲ್ಲೂ ಪತ್ತೇದಾರಿ. ಆದರೆ ಈ ಸಲ ಕಾರಣವಿತ್ತು. ಅಷ್ಟು ವರ್ಷ ಬಾಯಿ ಬಿಗಿಹಿಡಿದಿದ್ದ ಅಪ್ಪ ಈಗ ಅವಳು ಮಾಡಿದ್ದಕ್ಕೆಲ್ಲ "ಗೆದ್ದಿತು" ಎನ್ನುತ್ತಿದ್ದ. ಅವಸರದಲ್ಲಿ ಮಾಡಿದ್ದಕ್ಕೂ ಅದೇ, ಮನಸ್ಸಿಲ್ಲದೆ ಮಾಡಿದ್ದಕ್ಕೂ ಅದೇ. ಜೊತೆಗೆ ಭಾವನ ಓಡಾಟ ಹೆಚ್ಚಾಗಿತ್ತು. ಅಕ್ಕನ ಗಂಡ ವರ್ಷಕ್ಕೊಮ್ಮೆ ಮುಖ ತೋರಿಸಿದರೆ ಹೆಚ್ಚು. ಈಗ ವಾರವಾರ ಬಂದು ಅಪ್ಪನ ಕಿವಿಗೆ ಬಾಯಿಟ್ಟು ಅದೇನೋ ಹೇಳುತ್ತಿದ್ದ. ಇವಳು ಒಳಗೆ ಬಂದರೆ ಇಬ್ಬರೂ ಗಪ್‌ಚುಪ್. ಆಮೇಲೆ ಇಬ್ಬರೂ ಎಲ್ಲಿಗೋ ಹೋಗಿ ಬರುತ್ತಿದ್ದರು. ಎಲ್ಲಿಗೆ ಎಂದು ಕೆಲಸ ಮಾಡುತ್ತಲೇ ಕೇಳಿದರೆ ಅಪ್ಪ ತಿರುಗಿಯೂ ನೋಡುತ್ತಿರಲಿಲ್ಲ.

ಅವಳು ಲೆಕ್ಕ ಹಾಕಿದಳು. ಅಂಗಡಿ ಭಾವನ ಪಾಲಾಗುತ್ತಿದೆ. ಇವಳು ಗಲಾಟೆ ಮಾಡದಿರಲಿ ಎಂದು ಅಪ್ಪ ಬಾಯಿ ಸಿಹಿ ಮಾಡುತ್ತಿದ್ದಾನೆ. ಅಂಗಡಿ ಹೋದರೆ ಹೋಗಲಿ, ಆ ಮಾತನ್ನು ಲಂಚವಾಗಿ ಕೊಡುವುದೇ?

ಪರೀಕ್ಷೆಗೆಂದೇ ಒಂದು ಕುರ್ಚಿ ಮಾಡಿದಳು. ನೋಡಲು ದೃಷ್ಟಿಯಾಗುವ ಹಾಗಿತ್ತು. ಆದರೆ ಒಂದು ಕಾಲಿನ ಗೂಟಕ್ಕೆ ಅಂಟು ಹಚ್ಚದೆ ಹಾಗೇ ತುರುಕಿದ್ದಳು. ಮಧ್ಯಾಹ್ನ ಅಪ್ಪ ಕೂತ, ವಾಲಿದ, ಕಣ್ಣು ಮುಚ್ಚಿದ. ಕುರ್ಚಿ ಬೀದಿಗೆಲ್ಲ ಕೇಳುವಂತೆ ನರಳಿತು.

"ಗೆದ್ದಿತು," ಎಂದ ಅಪ್ಪ.

ಅವಳು ಎದುರಿಗೇ ಬಂದು ನಿಂತಳು. "ಅಪ್ಪ, ಯಾಕೆ ಹೀಗೆ ಮಾಡ್ತಿದೀಯ? ಅಂಗಡಿ ಭಾವನಿಗೆ ಕೊಡೋದಾದ್ರೆ ಕೊಡು. ಸುಳ್ಳು ಹೇಳಿ ನನ್ನ ಸಮಾಧಾನ ಮಾಡ್ಬೇಡ. ಕುರ್ಚಿ ಅಷ್ಟು ಕಿರುಚ್ತಲ್ಲ!"

ಅವಳ ತುಟಿಗಳನ್ನೇ ನೋಡುತ್ತಿದ್ದ ಅಪ್ಪನ ಮುಖ ಬಿಳಿಚಿಕೊಂಡಿತು. "ಕಿರುಚ್ತಾ?"

ಆ ಒಂದು ಮಾತಿಗೆ ಅವಳ ಲೆಕ್ಕವೆಲ್ಲ ತಲೆಕೆಳಗಾಯಿತು. ಭಾವ ಕಿವಿಗೆ ಬಾಯಿಟ್ಟದ್ದು ಗುಟ್ಟು ಹೇಳಲು ಅಲ್ಲ, ಕೇಳಿಸಲಿ ಎಂದು. ಇಬ್ಬರೂ ಹೋಗುತ್ತಿದ್ದದ್ದು ಕಿವಿ ಡಾಕ್ಟರ ಹತ್ತಿರಕ್ಕೆ.

"ನನಗೆ ಯಾಕೆ ಹೇಳ್ಲಿಲ್ಲ?" ಈಗ ಅವಳೂ ಅಪ್ಪನಿಗೆ ಕೇಳಿಸುವಂತೆ ಜೋರಾಗಿ ಕೇಳಿದಳು.

"ಹೇಳಿದ್ರೆ ನನ್ನ ಮಾತು ನಂಬ್ತಿದ್ಯಾ? ನಿನ್ನ ಕೈ ಪಳಗಿದೆ, ಗೆದ್ದಿರುತ್ತೆ ಅಂತ ಧೈರ್ಯದ ಮೇಲೆ ಹೇಳ್ತಿದ್ದೆ. ಯಾವ ಗಿರಾಕೀನೂ ಬಂದು ಬೈದಿಲ್ವಲ್ಲಮ್ಮ."

"ಬೈದಿದ್ರೂ ನಿನಗೆ ಕೇಳಿಸ್ತಿತ್ತಾ?"

ಅಪ್ಪ ನಕ್ಕುಬಿಟ್ಟ. ಅವಳಿಗೆ ನಗು ಬರಲಿಲ್ಲ. ಅವಳು ಕಿಟಕಿ ಪಕ್ಕದ ಕುರ್ಚಿಯ ಕಡೆ ಕೈ ತೋರಿಸಿದಳು. "ಅದಕ್ಕೆ ಹೇಳಿದಾಗ ನಿನ್ನ ಕಿವಿ ಚೆನ್ನಾಗಿತ್ತಾ?"

ಅಪ್ಪ ಆ ಕುರ್ಚಿಯ ಕಡೆ ತಿರುಗಿದ. "ಗೊತ್ತಿಲ್ಲ ಕಣಮ್ಮ. ಕಿವಿ ಹೋಗೋವಾಗ ಡಂಗುರ ಸಾರ್ಕೊಂಡು ಹೋಗುತ್ತಾ?"

ಅಷ್ಟು ದಿನ ಎದೆಯಲ್ಲಿಟ್ಟು ಕಾಪಾಡಿಕೊಂಡದ್ದು ಕೈಜಾರಿದಂತಾಗಿ ಅವಳಿಗೆ ಕಣ್ಣು ತುಂಬಿತು. ಅದನ್ನು ನೋಡಲಾಗದೆ ಅಪ್ಪನೇ ಮಾತು ತೆಗೆದ.

"ಆ ಮಾತು ನಂದಲ್ಲ. ನಮ್ಮ ಗುರುಗಳ ಅಂಗಡೀಲಿ ಹುಟ್ಟಿದ್ದು. ಕೂತವನಿಗೂ ಕುರ್ಚಿಗೂ ಕುಸ್ತಿ ಅಂತಿದ್ರು. ಕೂತವನು ಎಷ್ಟು ತಿರುಚಿದ್ರೂ ಕುರ್ಚಿ ಸದ್ದು ಮಾಡ್ಲಿಲ್ಲ ಅಂದ್ರೆ ಕುರ್ಚಿ ಗೆದ್ದಿತು. ಆದ್ರೆ ಗುರುಗಳು ಯಾವತ್ತೂ ಕೂರ್ತಿರ್ಲಿಲ್ಲ. ಮಾಡಿದವನೇ ಕೂತು ಹೇಳ್ಬೇಕಿತ್ತು. ಎಲ್ಲಿ ಕಳ್ಳಾಟ ಆಡಿದೀವಿ ಅನ್ನೋದು ಮಾಡಿದವನಿಗೆ ತಾನೆ ಗೊತ್ತಿರೋದು?"

"ಮತ್ತೆ ನನ್ನದರಲ್ಲೆಲ್ಲ ನೀನ್ಯಾಕೆ ಕೂತೆ?"

"ಇಲ್ಲಿ ನಾನೊಬ್ನೇ ಇದ್ದೆ, ನಾನೇ ಕೂರ್ತಿದ್ದೆ. ನೀನು ಬಂದ್ಮೇಲೂ ಬಿಟ್ಟುಕೊಡೋಕೆ ಮನಸ್ಸು ಬರ್ಲಿಲ್ಲ."

ಅವಳು ಕಿಟಕಿ ಪಕ್ಕಕ್ಕೆ ನಡೆದಳು. ತನ್ನ ಕುರ್ಚಿಯಲ್ಲಿ ತಾನು ಒಮ್ಮೆಯೂ ಕೂತಿರಲಿಲ್ಲ ಎಂಬುದು ಆಗ ಹೊಳೆಯಿತು. ಕೂತು ಹಿಂದಕ್ಕೆ ವಾಲಿದಳು. ಸದ್ದಿಲ್ಲ. ಬಲಕ್ಕೆ ತಿರುಚಿದಳು. ಸದ್ದಿಲ್ಲ. ಆಗ ನೆನಪಾಯಿತು: ಹಿಂದಿನ ಎಡಗಾಲಿನ ತೂತು ಅಂದು ಸ್ವಲ್ಪ ದೊಡ್ಡದಾಗಿತ್ತು, ಯಾರಿಗೂ ಹೇಳದೆ ಒಂದು ಮರದ ಚಕ್ಕೆ ತುರುಕಿ ಮುಚ್ಚಿದ್ದಳು. ಮೈಭಾರವನ್ನೆಲ್ಲ ಆ ಕಾಲಿನ ಮೇಲೆ ಹಾಕಿದಳು.

'ಕಿರ್.'

ಅಪ್ಪ ಅವಳ ಮುಖವನ್ನೇ ಅನುಮಾನದಿಂದ ನೋಡುತ್ತಿದ್ದ. "ಏನಂತು?"

ಏನು ಹೇಳಿದರೂ ನಡೆಯುತ್ತಿತ್ತು. ಪ್ರಶ್ನಿಸುವ ಕಿವಿ ಆ ಅಂಗಡಿಯಲ್ಲಿ ಬೇರೆ ಇರಲಿಲ್ಲ. ಎದ್ದು ಬಂದು, ಭಾವ ಮಾಡುತ್ತಿದ್ದ ಹಾಗೆಯೇ ಅಪ್ಪನ ಕಿವಿಗೆ ಬಾಯಿಟ್ಟಳು.

"ಗೆಲ್ಲಲಿಲ್ಲಪ್ಪ. ಹಿಂದಿನ ಎಡಗಾಲು."

ಅಪ್ಪ ತಲೆಯಾಡಿಸಿದ. ಆ ಕಾಲನ್ನು ಬಿಚ್ಚಲೆಂದು ಗೋಡೆಗೆ ನೇತುಹಾಕಿದ್ದ ಮರದ ಸುತ್ತಿಗೆಯನ್ನು ತಂದು ಅವಳ ಕೈಗಿಟ್ಟು, ಮೂಲೆಯ ಕುರ್ಚಿಯೊಂದನ್ನು ಎಳೆದುಕೊಂಡು ಕೂತ. ಈ ಸಲ ಹಿಂದಕ್ಕೆ ವಾಲಲಿಲ್ಲ.