ಒಗ್ಗರಣೆಯಿಲ್ಲದ ಉಪ್ಪಿಟ್ಟು

ಎಂಬತ್ತೇಳರ ಮಾತು. ಮೂರನೇ ಕ್ಲಾಸಿನ ಚಿಕ್ಕವೆಂಕಟಮ್ಮ ಸೋಮವಾರದಿಂದ ಶಾಲೆಗೆ ಬಂದಿರಲಿಲ್ಲ. ಹಿಂದಿನ ತಿಂಗಳು ಪ್ರಾರ್ಥನೆಗೆ ನಿಂತಲ್ಲೇ ಕುಸಿದಿದ್ದ ಹುಡುಗಿ. ಅವಳ ಹೊಟ್ಟೆಗೆ ದಿನಾ ಮೊದಲು ಬೀಳುವುದು ನಮ್ಮ ಶಾಲೆಯ ಉಪ್ಪಿಟ್ಟೇ ಎಂದು ಅಂದು ತಿಳಿದಿತ್ತು. ಗುರುವಾರ ತಡೆಯಲಾಗದೆ ಉಪ್ಪಿಟ್ಟನ್ನು ಡಬ್ಬಿಗೆ ಹಾಕಿಕೊಂಡು ಅವಳ ಮನೆಗೆ ಹೊರಟೆ.

ಅವಳ ತಾಯಿ ಕದಿರಮ್ಮ ನನ್ನನ್ನು ಬೀದಿಯಲ್ಲೇ ತಡೆದಳು.

“ಅಲ್ಲೇ ನಿಂತ್ಕಳಿ ಟೀಚರಮ್ಮ! ಮುಚ್ಚಳ ತೆಗೀಬ್ಯಾಡಿ. ಹುಳ ನಾಲ್ಕನೇ ಜ್ವರ ಎದ್ದವೆ. ಒಗ್ಗರಣೆ ವಾಸನೆ ತಾಕಿದ್ರೆ ಒಂದೂ ಗೂಡು ಕಟ್ಟಲ್ಲ.”

ರೇಷ್ಮೆಹುಳಕ್ಕೆ ಒಗ್ಗರಣೆ ಆಗದೆಂದು ದಿಬ್ಬೂರಹಳ್ಳಿಗೆಲ್ಲ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಒಳಗೆ, ನಾಲ್ಕನೇ ಜ್ವರವೆಂಬ ಕೊನೆಯ ಪೊರೆ ಕಳಚಿ ಎದ್ದ ಹುಳುಗಳು ಎಡೆಬಿಡದೆ ಸೊಪ್ಪು ಮೇಯುವ ಸದ್ದು. ಬಾಗಿಲಲ್ಲಿ ಸೊಪ್ಪಿನ ಹೊರೆಗೆ ಒರಗಿ ಹುಡುಗಿ ನನ್ನ ಡಬ್ಬಿಯನ್ನೇ ನೋಡುತ್ತಿದ್ದಳು.

“ಅವಳೇನು ತಿಂದಳು?”

“ರಾತ್ರಿ ಮುದ್ದೆ ಚೂರು ಮಿಕ್ಕಿತ್ತು. ಸ್ಕೂಲಲ್ಲಿ ತಿಂದು ಬಂದ್ರೆ ಲಂಗದ ತುಂಬಾ ಅದೇ ವಾಸನೆ. ಗೂಡಾಗ್ಲಿ, ಕಳಿಸ್ತೀನಿ.”

ಹೀಗೆ ಶಾಲೆ ಬಿಟ್ಟವರು ಮರಳಿದ್ದನ್ನು ನಾನು ಹೆಚ್ಚು ಕಂಡಿರಲಿಲ್ಲ. “ನಾಳೆ ಒಗ್ಗರಣೆ ಹಾಕಿಸಲ್ಲ, ಕಳಿಸಿ” ಎಂದುಬಿಟ್ಟೆ. ಅವಳು ಹುಳಕ್ಕೆ ಸೊಪ್ಪು ಹಾಕಲು ಒಳಗೆ ಹೋದಳು.

ಶಾಲೆಯ ಅಡುಗೆಯ ಪೆದ್ದಮ್ಮ ಸಿಡುಕಿದಳು. “ಸಾಸಿವೆ ಇಲ್ದೆ ಉಪ್ಪಿಟ್ಟಾ? ನಾನೇನು ಬಾಣಂತಿಗೆ ಮಾಡ್ತಿದೀನಾ?”

ಆದರೂ ಶುಕ್ರವಾರ ರವೆಯನ್ನು ಬರೀ ಉಪ್ಪುನೀರಲ್ಲಿ ಬೇಯಿಸಿದಳು. ಹುಡುಗರು ಮೂತಿ ತಿರುವಿದರು.

“ಮಿಸ್, ನಮಗೂ ಜ್ವರ ಬಂದದಾ?”

“ಸುಮ್ನೆ ತಿನ್ರೋ” ಎಂದೆ. ಗಂಟೆ ಹೊಡೆದು ಎಲ್ಲರಿಗೂ ಬಡಿಸಿ ಆಗಿತ್ತು. ಗೇಟಿನ ಬಳಿ ಯಾರೂ ಇಲ್ಲ. ಪಾತ್ರೆಯ ತಳದಲ್ಲಿ ಉಳಿದಿದ್ದನ್ನು ಮುಚ್ಚಿಡಿಸಿದೆ, ಮತ್ತೆ ತೆಗೆದು ನೋಡಿದೆ, ಮತ್ತೆ ಮುಚ್ಚಿದೆ.

ಕದಿರಮ್ಮ ಮಗಳ ರಟ್ಟೆ ಹಿಡಿದು ಬಂದಳು. ಯಾರನ್ನೂ ಮಾತಾಡಿಸದೆ ಪಾತ್ರೆಗೆ ಬಗ್ಗಿ ಮೂಸಿದಳು. ಆಮೇಲೆ ಪೆದ್ದಮ್ಮನ ಸೆರಗನ್ನೂ ಮೂಸಿದಳು.

“ಏನೇ, ನನ್ನೇ ಮೂಸ್ತೀಯಾ!”

“ನಿನ್ನ ನಂಬೋರು ಯಾರಕ್ಕ?” ಎಂದು ಕದಿರಮ್ಮ ಮಗಳ ಕೈ ಬಿಟ್ಟಳು.

ಹುಡುಗಿ ಕೂತ ಕೂಡಲೇ ತಿನ್ನತೊಡಗಿದಳು; ಬಿಸಿಗೆ ಬಾಯಿ ತೆರೆದು ಉಸಿರು ಬಿಟ್ಟು, ಮತ್ತೆ ತುಂಬಿಕೊಂಡಳು.

“ನಾಳೇನೂ ಹಿಂಗೇ ಮಾಡ್ತೀರಾ?” ಎಂದು ಕದಿರಮ್ಮ ಕೇಳಿದಳು.

“ಮಾಡ್ತೀವಿ.” ಹೆಡ್‌ಮಾಸ್ತರನ್ನು ಕೇಳಿರಲಿಲ್ಲ. ಪೆದ್ದಮ್ಮ ಸೌಟನ್ನು ಪಾತ್ರೆಗೆ ಬಡಿದಳು.

“ಹಂಗಾದ್ರೆ ಬೆಳಗಿನ ಸೊಪ್ಪು ಹಾಕಿದ್ಮೇಲೆ ಕಳಿಸ್ತೀನಿ. ಹುಳಕ್ಕೇನಾರಾ ಆದ್ರೆ ನಿಮ್ಮ ಮನೆ ಬಾಗಿಲಿಗೇ ಬಂದು ಕೂತ್ಕತೀನಿ, ನೋಡಿ ಟೀಚರಮ್ಮ.”

“ಬನ್ನಿ” ಎಂದೆ. ಹುಡುಗಿ ತಟ್ಟೆ ಚಾಚಿದಳು. ತಳ ಕೆರೆದು ಹಾಕಿದೆ.